ಮೊದಲು ಚೀಲ ಬಿಚ್ಚಿಸಿ

ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಶುಗರ್ ಇದ್ದವರು ದವಾಖಾನೆಗೆ ಬರುವಾಗ ಕೈಯಲ್ಲಿ ಒಂದು ಚೀಲ ಇದ್ದೇ ಇರುತ್ತದೆ. ಯಾವುದೋ ಬಟ್ಟೆ ಅಂಗಡಿಯ ಕೈಚೀಲ. ಒಳಗೆ ಹಳೇ ಚೀಟಿಗಳು, ಅರ್ಧ ಖಾಲಿಯಾದ ಗುಳಿಗೆ ಪಟ್ಟಿಗಳು, ಕರ್ಚೀಫಿನಲ್ಲಿ ಸುತ್ತಿದ ಇನ್ಸುಲಿನ್ ಸೀಸೆ. ಡಯಾಬಿಟಿಸ್ ಎಜುಕೇಟರ್ ಆಗಿ, ಅಂದರೆ ಶುಗರ್ ಇದ್ದವರಿಗೆ ಔಷಧ, ಊಟದ ಪಾಠ ಹೇಳುವವರಾಗಿ, ಹೊಸದಾಗಿ ಸೇರಿದ ನರ್ಸ್, ಡಯಟೀಷಿಯನ್, ಫಾರ್ಮಸಿ ಓದಿದ ಹುಡುಗರು ಆ ಚೀಲದ ಕಡೆ ಕಣ್ಣೂ ಹಾಯಿಸದೆ ಚಾರ್ಟ್ ಬಿಡಿಸಿ, ಪ್ಯಾಂಕ್ರಿಯಾಸ್ ಎಲ್ಲಿದೆ ಅಂತ ತೋರಿಸಲು ಶುರು ಮಾಡುತ್ತಾರೆ. ಎದುರು ಕೂತ ಕಾಕಾ ಹೂಂ, ಹೂಂ ಅಂತ ತಲೆಯಾಡಿಸಿ, ಮುಂದಿನ ತಿಂಗಳು ಅದೇ 280 ಶುಗರ್ ಹೊತ್ತುಕೊಂಡು ಬರುತ್ತಾರೆ.

ಚಾರ್ಟ್ ಆಮೇಲೆ. ಮೊದಲು ಚೀಲವನ್ನು ಮೇಜಿನ ಮೇಲೆ ಬರಿದು ಮಾಡಿಸಿ.

ಇನ್ಸುಲಿನ್ ಇದ್ದರೆ ಸೀಸೆಯನ್ನೂ ಸಿರಿಂಜನ್ನೂ ಅಕ್ಕಪಕ್ಕ ಇಟ್ಟು ಓದಬೇಕು. ನಮ್ಮಲ್ಲಿ ಹೆಚ್ಚು ಸಿಗುವ ಸೀಸೆಯಲ್ಲಿ 1 ಮಿಲಿಗೆ 40 ಯೂನಿಟ್. ಇನ್ಸುಲಿನ್ ಪೆನ್ನಿನ ಕಾರ್ಟ್ರಿಜ್‌ನಲ್ಲಿ, ಅಂದರೆ ಪೆನ್ನಿನಂಥ ಸಾಧನದೊಳಗೆ ಕೂರಿಸುವ ಔಷಧದ ಕೊಳವೆಯಲ್ಲಿ, 1 ಮಿಲಿಗೆ 100. ಸೀಸೆಯಲ್ಲೂ 100ರದು ಪೇಟೆಯಲ್ಲಿದೆ. ಸಿರಿಂಜಿನಲ್ಲೂ ಎರಡು ಜಾತಿ: ಕೆಂಪು ಟೊಪ್ಪಿಗೆಯದು 40ಕ್ಕೆ, ಕಿತ್ತಳೆ ಟೊಪ್ಪಿಗೆಯದು 100ಕ್ಕೆ. ಔಷಧ ಅಂಗಡಿಯವನು ಇದ್ದದ್ದನ್ನು ಕೊಟ್ಟುಬಿಟ್ಟರೆ ಲೆಕ್ಕ ಹೀಗೆ ಕೆಡುತ್ತದೆ. 40ರ ಸೀಸೆಯಿಂದ ಕಿತ್ತಳೆ ಸಿರಿಂಜಿನ 20ನೇ ಗೆರೆಯವರೆಗೆ ಎಳೆದರೆ ಒಳಗೆ ಬರುವುದು 0.2 ಮಿಲಿ, ಅಂದರೆ ಬರೀ 8 ಯೂನಿಟ್. "ಸೂಜಿ ಬರೋಬ್ಬರಿ ತಗೋತೀನ್ರಿ, ಆದ್ರೂ ಶುಗರ್ ಇಳೀವಲ್ದು" ಅನ್ನುವವರಲ್ಲಿ ಇದನ್ನು ಮೊದಲು ನೋಡಿ. ತಿರುಗುಮುರುಗಾದರೆ ಜೀವಕ್ಕೇ ಸಂಚಕಾರ: ಪೆನ್ನು ಕೆಟ್ಟಿತು ಅಂತ ಕಾರ್ಟ್ರಿಜ್‌ನಿಂದ ಕೆಂಪು ಸಿರಿಂಜಿನಲ್ಲಿ 20ರವರೆಗೆ ಎಳೆದರೆ 50 ಯೂನಿಟ್ ಮೈಗೆ ಹೋಗುತ್ತದೆ.

ಸೀಸೆಯಲ್ಲಿ ಎಷ್ಟು ಉಳಿದಿದೆ ಅನ್ನುವುದೂ ಮಾತಾಡುತ್ತದೆ. 10 ಮಿಲಿಯ 40ರ ಸೀಸೆಯಲ್ಲಿ 400 ಯೂನಿಟ್. ಬೆಳಿಗ್ಗೆ 20, ರಾತ್ರಿ 10 ತೆಗೆದುಕೊಳ್ಳುವವರಿಗೆ ಅದು 13 ದಿನಕ್ಕೆ ಮುಗಿಯಬೇಕು. ತಿಂಗಳ ಹಿಂದೆ ತಂದದ್ದು ಇನ್ನೂ ಅರ್ಧ ಇದ್ದರೆ ಎಲ್ಲೋ ತಪ್ಪುತ್ತಿದೆ. ಹಾಗಂತ ಬೈಯಬೇಡಿ, "ಯಾವ ಹೊತ್ತಿಂದು ತಪ್ಪತೈತ್ರಿ?" ಅಂತ ಕೇಳಿ. ತೆರೆದ ಸೀಸೆಗೆ ಸಾಮಾನ್ಯವಾಗಿ 28 ದಿನದ ಆಯುಷ್ಯ, ಆದ್ದರಿಂದ ತೆರೆದ ದಿನಾಂಕವನ್ನು ಲೇಬಲ್ ಮೇಲೆ ಬರೆಸಿ.

ಬೇಸಿಗೆಯಲ್ಲಿ ಬೈಕಿನ ಡಿಕ್ಕಿಯಲ್ಲಿ ಇಟ್ಟ ಇನ್ಸುಲಿನ್ ನೋಡಲು ಚೆನ್ನಾಗೇ ಇರುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ. ತೆರೆಯದ ಸೀಸೆ ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿರಲಿ, ಬಾಗಿಲ ಗೂಡೇ ಸಾಕು. ಐಸ್ ಪೆಟ್ಟಿಗೆಗೆ ತಾಗಿ ಗಟ್ಟಿಯಾದದ್ದನ್ನು ಎಸೆಯಬೇಕು, ಕರಗಿಸಿ ಬಳಸುವಂತಿಲ್ಲ. ಫ್ರಿಜ್ ಇಲ್ಲದ ಮನೆಗೆ ದೊಡ್ಡ ಗಡಿಗೆ, ಅದರೊಳಗೆ ಹಸಿ ಉಸುಕು, ಉಸುಕಿನ ನಡುವೆ ಸಣ್ಣ ಗಡಿಗೆ. ಸೀಸೆಯನ್ನು ಡಬ್ಬಿಯಲ್ಲಿ ಹಾಕಿ ಸಣ್ಣದರಲ್ಲಿಡಿ, ನೆರಳಲ್ಲಿ ಗಾಳಿ ಆಡುವ ಕಡೆ.

ಇನ್ನು ಚುಚ್ಚುವುದು. ನೀವು ಮಾಡಿ ತೋರಿಸುವುದಕ್ಕಿಂತ ಅವರೇ ಮಾಡುವುದನ್ನು ಬಾಯಿ ಮುಚ್ಚಿಕೊಂಡು ನೋಡಿ. ಹಾಲಿನ ಬಣ್ಣದ 30/70 ಇನ್ಸುಲಿನ್ ಮಿಶ್ರಣವನ್ನು (30 ಪಾಲು ಬೇಗ, 70 ಪಾಲು ನಿಧಾನ ಕೆಲಸ ಮಾಡುವುದು) ಅಂಗೈಗಳ ನಡುವೆ 10 ಸಲ ಉರುಳಿಸಿ, 10 ಸಲ ಮೇಲೆ ಕೆಳಗೆ ಮಾಡುತ್ತಾರಾ? ತಳದ ಬಿಳಿ ಕೂಡದಿದ್ದರೆ ಒಂದು ದಿನ ನೀರಿನಂಥದ್ದು, ಇನ್ನೊಂದು ದಿನ ಗಟ್ಟಿಯದ್ದು ಮೈಗೆ ಹೋಗುತ್ತದೆ. ಪೆನ್ ಆದರೆ ಪ್ರತಿ ಸಲ 2 ಯೂನಿಟ್ ಹೊರಗೆ ಬಿಟ್ಟು ಹನಿ ಬರುವುದನ್ನು ನೋಡಬೇಕು, ಗುಂಡಿ ಒತ್ತಿದ ಮೇಲೆ ಹತ್ತು ಎಣಿಸಬೇಕು, ಆಮೇಲೆ ಸೂಜಿ ಬಿಚ್ಚಿಡಬೇಕು. ಆ 2 ಯೂನಿಟ್ ಬಿಡಲು ಜನರಿಗೆ ಜೀವ ಒಪ್ಪುವುದಿಲ್ಲ. ನಿಜವೇ, ದಿನಕ್ಕೆ ಎರಡು ಹೊತ್ತು ಸೇರಿ 30 ಬೇಕಾದವರಿಗೆ 34 ಖರ್ಚು, 300 ಯೂನಿಟ್‌ನ ಕಾರ್ಟ್ರಿಜ್ ಹತ್ತು ದಿನದ ಬದಲು ಒಂಬತ್ತನೇ ದಿನಕ್ಕೆ ಮುಗಿಯುತ್ತದೆ. ಈ ಲೆಕ್ಕವನ್ನು ಮೊದಲೇ ಹೇಳಿದರೆ ಮೋಸ ಅನ್ನಿಸುವುದಿಲ್ಲ.

ಅಂಗಿ ಮೇಲೆತ್ತಿಸಿ ಹೊಟ್ಟೆಯನ್ನು ಬೆರಳಿನಿಂದ ಸವರಿ ನೋಡದೆ ಕಳಿಸಬೇಡಿ. ಹೊಕ್ಕಳ ಪಕ್ಕ ರಬ್ಬರಿನಂಥ ಗಂಟು ಸಿಗುತ್ತದೆ. "ಅಲ್ಲಿ ನೋವ ಆಗಂಗಿಲ್ರಿ, ಅದಕ್ಕ ಅಲ್ಲೇ ಚುಚ್ಕೋತೀನಿ" ಅನ್ನುತ್ತಾರೆ. ಒಂದೇ ಕಡೆ ಚುಚ್ಚಿ ಕೊಬ್ಬು ಗಂಟುಗಟ್ಟಿದ ಜಾಗ ಅದು, ಔಷಧ ಅಲ್ಲಿಂದ ಅಡ್ಡಾದಿಡ್ಡಿಯಾಗಿ ರಕ್ತಕ್ಕೆ ಸೇರುತ್ತದೆ. ಜಾಗ ಬದಲಿಸಲೇಬೇಕು, ಹೊಕ್ಕಳಿಂದ ಎರಡು ಇಂಚು ದೂರ, ಪ್ರತಿ ಸಲ ಒಂದು ಬೆರಳಗಲ ಸರಿದು. ಆದರೆ ಬದಲಿಸುವ ಮುಂಚೆ ಡಾಕ್ಟರಿಗೆ ಹೇಳಿ. ಹೊಸ ಜಾಗದಲ್ಲಿ ಅದೇ ಪ್ರಮಾಣ ಜೋರಾಗಿ ಕೆಲಸ ಮಾಡಿ ಶುಗರ್ ದಿಢೀರನೆ ಇಳಿಯಬಹುದು. ಡೋಸ್ ಕಡಿಮೆ ಮಾಡುವುದು ಡಾಕ್ಟರ ಕೆಲಸ, ಎಜುಕೇಟರ್‌ದಲ್ಲ.

ಶುಗರ್ ಇಳಿದರೆ, ಅಂದರೆ 70ರ ಕೆಳಗೆ ಬಂದರೆ, ಧಾರವಾಡದವರು ಪೇಡಾ ಕೊಡಲು ಓಡುತ್ತಾರೆ. ಪೇಡಾದ ಮೇಲೆ ನಮಗೆ ಎಷ್ಟೇ ಅಭಿಮಾನವಿರಲಿ, ಇಲ್ಲಿ ಅದು ಬೇಡ. ಅದರ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡ ಮಾಡುತ್ತದೆ. 15 ಗ್ರಾಂ, ಅಂದರೆ ಮೂರು ಚಹಾ ಚಮಚ ಸಕ್ಕರೆ, ಅರ್ಧ ಲೋಟ ನೀರಿನಲ್ಲಿ. 15 ನಿಮಿಷಕ್ಕೆ ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ, ಏರಿದ ಮೇಲೆ ಊಟ. ಗುಳಿಗೆ ಪಟ್ಟಿಯಲ್ಲಿ ವೊಗ್ಲಿಬೋಸ್ ಅಥವಾ ಅಕಾರ್ಬೋಸ್ ಇದ್ದರೆ ಮನೆಯ ಸಕ್ಕರೆ ಬೇಗ ಒಡೆಯುವುದಿಲ್ಲ, ಗ್ಲೂಕೋಸ್ ಪುಡಿಯೇ ಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ.

ಶುಗರ್ ಇಳಿಸುವ ಗ್ಲಿಮೆಪಿರೈಡ್ ಗುಳಿಗೆ ನುಂಗಿ ಏಕಾದಶಿ, ಶ್ರಾವಣ ಸೋಮವಾರ, ರೋಜಾ ಹಿಡಿಯುವವರಿಗೆ ಈ ಪಾಠ ಹಬ್ಬಕ್ಕಿಂತ ಮುಂಚೆಯೇ ಆಗಬೇಕು. ನಸುಕಿನ ಬಸ್ಸಿಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಬರುವವರಿಗೂ ಅಷ್ಟೇ. ಈ ಗುಳಿಗೆ ನುಂಗಿ ಸರದಿಯಲ್ಲಿ ನಿಂತರೆ ಅಲ್ಲೇ ಬೆವರಿ ಕುಸಿಯಬಹುದು. ಗುಳಿಗೆ ನುಂಗುವುದು ರಕ್ತ ಕೊಟ್ಟ ಮೇಲೆ, ತಿನ್ನುವ ಹೊತ್ತಿಗೆ. ಬಸ್‌ಸ್ಟ್ಯಾಂಡಿನ ಅರ್ಧ ಕಪ್ ಚಹಾ ಕುಡಿದಿದ್ದರೆ ಅದು ಫಾಸ್ಟಿಂಗ್ ಅಲ್ಲ.

ಗುಳಿಗೆಯ ಇನ್ನೊಂದು ದೂರು: "ಗುಳಿಗಿ ಹಂಗ ಹೊರಗ ಬಂತ್ರಿ." ನಿಧಾನವಾಗಿ ಕರಗುವ ಮೆಟ್‌ಫಾರ್ಮಿನ್‌ನ ಖಾಲಿ ಚಿಪ್ಪು ಮಲದಲ್ಲಿ ಕಾಣುವುದುಂಟು, ಔಷಧ ಒಳಗೇ ಇಳಿದಿರುತ್ತದೆ. ಇದನ್ನು ಯಾರೂ ಹೇಳದ ಕಾರಣಕ್ಕೆ ಗುಳಿಗೆ ಬಿಟ್ಟವರಿದ್ದಾರೆ.

ಊಟದ ವಿಷಯದಲ್ಲಿ ಒಂದು ದೊಡ್ಡ ತಪ್ಪು ತಿಳುವಳಿಕೆ ಜೋಳದ ರೊಟ್ಟಿಯದು. ರೊಟ್ಟಿಗೆ ಶುಗರ್ ಏರುವುದಿಲ್ಲ ಅಂತ ನಾಲ್ಕು ರೊಟ್ಟಿ ತಿಂದು ಮೇಲೊಂದಿಷ್ಟು ಅನ್ನ ಸಾರು ಉಣ್ಣುತ್ತಾರೆ. 50 ಗ್ರಾಂ ಹಿಟ್ಟಿನ ರೊಟ್ಟಿಯಲ್ಲಿ ಸುಮಾರು 35 ಗ್ರಾಂ ಪಿಷ್ಟವಿದೆ, ನಾಲ್ಕಕ್ಕೆ 140. ಹಾಗಂತ ರೊಟ್ಟಿ ಬಿಡಿಸಿ ಓಟ್ಸ್ ಬರೆದುಕೊಡುವ ಹುಚ್ಚುತನ ಬೇಡ. ಒಂದು ಬಟ್ಟಲು ಹಿಟ್ಟಿಗೆ ಎಷ್ಟು ರೊಟ್ಟಿ ಆಗುತ್ತವೆ ಅಂತ ಬಡಿಯುವವರನ್ನೇ ಕೇಳಿ. ಎರಡು ರೊಟ್ಟಿ, ಅರ್ಧ ತಾಟು ಪಲ್ಯ, ಮಡಿಕೆಕಾಳು ಅಥವಾ ಹೆಸರುಕಾಳು, ಜೊತೆಗೆ ಮೆಂತೆ ತೊಪ್ಪಲ, ಹಕ್ಕರಕಿ, ಉಳ್ಳಾಗಡ್ಡಿ. ಸಂಜೆಯ ಗಿರ್ಮಿಟ್ ಕೈಗೆ ಹಗುರ, ಆದರೆ ಮಂಡಕ್ಕಿ ಅಂದರೆ ಅಕ್ಕಿಯೇ. ಚಹಾವನ್ನೂ ಎಣಿಸಿ: ದಿನಕ್ಕೆ ಆರು ಕಪ್, ಕಪ್ಪಿಗೆ ಎರಡು ಚಮಚ ಅಂದರೆ 60 ಗ್ರಾಂ ಸಕ್ಕರೆ.

ಪಾದದ ಸ್ಪರ್ಶ ನೋಡಲು 10 ಗ್ರಾಂ ಮೊನೊಫಿಲಮೆಂಟ್ (ಅಂಗಾಲಿಗೆ ಒತ್ತಿ ನೋಡುವ ನೈಲಾನ್ ಎಳೆ) ಒಂದು ಸಾಕು. ಜೋಳ ಕೊಯ್ದ ಕೂಳೆಯಲ್ಲಿ ಓಡಾಡುವವರ ಚಪ್ಪಲಿಯನ್ನೂ ತಿರುಗಿಸಿ ನೋಡಿ, ಮೊಳೆ ಚುಚ್ಚಿದ್ದು ಅವರಿಗೇ ಗೊತ್ತಿರುವುದಿಲ್ಲ.

ಕೆಲಸ ಎಲ್ಲಿದೆ ಅಂದರೆ, ಖಾಸಗಿ ಕ್ಲಿನಿಕ್‌ಗಳಲ್ಲಿ ಮತ್ತು ದೊಡ್ಡ ಆಸ್ಪತ್ರೆಗಳಲ್ಲಿ. ಜಿಲ್ಲಾ ಆಸ್ಪತ್ರೆಯ ಎನ್‌ಸಿಡಿ (ಅಂಟುರೋಗವಲ್ಲದ ಕಾಯಿಲೆಗಳ) ಕ್ಲಿನಿಕ್‌ನಲ್ಲಿ ಇದೇ ಕೆಲಸವನ್ನು ನರ್ಸ್ ಮತ್ತು ಕೌನ್ಸೆಲರ್ ಮಾಡುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನ 2023ರಲ್ಲಿ ದೇಶದಲ್ಲಿ 10.1 ಕೋಟಿ ಜನರಿಗೆ ಡಯಾಬಿಟಿಸ್ ಇದೆ ಅಂದಿತು, ರೋಗಿಗಳಿಗೇನೂ ಬರವಿಲ್ಲ. ಕೆಲವು ಕಡೆ ಸಂಬಳ ಕೊಡುವುದು ಔಷಧ ಕಂಪನಿ, ಕೂರುವುದು ಡಾಕ್ಟರ ಕ್ಲಿನಿಕ್‌ನಲ್ಲಿ. ಸೇರುವ ಮುಂಚೆ ಕೇಳಿಕೊಳ್ಳಿ, ಬೇರೆ ಕಂಪನಿಯ ಪೆನ್ ತಂದವರಿಗೂ ಕಲಿಸಬಹುದೇ ಅಂತ. ಉತ್ತರಕ್ಕೆ ತಡವರಿಸಿದರೆ ಅದು ಮಾರಾಟದ ಕೆಲಸ.

ಪಾಠ ಹೇಳಿ ಕಳಿಸಿದ ಮೂರನೇ ದಿನ ಫೋನ್ ಮಾಡುವ ಪದ್ಧತಿ ಇಟ್ಟುಕೊಳ್ಳಿ. "ಆರಾಮ ಅದೀರಿ?" ಅಂದರೆ "ಆರಾಮ ರೀ" ಅನ್ನುವುದೇ ನಮ್ಮ ಕಡೆಯ ಉತ್ತರ, ಶುಗರ್ 400 ಇದ್ದರೂ. "ಇವತ್ತ ಮುಂಜಾನೆ ಯಾವ ಬಾಜೂ ಚುಚ್ಕೊಂಡ್ರಿ, ಎಷ್ಟಕ್ಕ ಎಳದ್ರಿ?" ಅಂತ ಕೇಳಿ.