ಗಾಲೆ ಕೋಟೆಯ ಜಗಲಿಯಲ್ಲಿ ಒಂದು ಮಧ್ಯಾಹ್ನ

ಶ್ರೀಲಂಕಾದ ಗಾಲೆಗೆ ಹೊರಟ ರೈಲು ಕೊಲಂಬೊ ದಾಟಿದ ಸ್ವಲ್ಪ ಹೊತ್ತಿಗೆ ಸಮುದ್ರ ಕಿಟಕಿ ಪಕ್ಕಕ್ಕೇ ಬಂದುಬಿಡುತ್ತದೆ. ಅಲೆಯ ನೀರು ಮುಖಕ್ಕೆ ಸಿಡಿಯುತ್ತೇನೋ ಅನ್ನಿಸುವಷ್ಟು ಪಕ್ಕ. ಅಮ್ಮ ಕಿಟಕಿ ಬಿಟ್ಟು ಕದಲಲಿಲ್ಲ. ಹಿಕ್ಕಡುವಕ್ಕೆ ಮುಂಚೆ ಪೆರಲಿಯ ಅನ್ನುವ ಊರು ಸಿಗುತ್ತದೆ. 2004ರ ಡಿಸೆಂಬರ್ 26ರಂದು ಸುನಾಮಿ ಒಂದು ರೈಲನ್ನು ಹಳಿಯಿಂದ ಎತ್ತಿ ಎಸೆದದ್ದು ಇಲ್ಲೇ. ಸಾವಿರಕ್ಕೂ ಹೆಚ್ಚು ಜನ ಸತ್ತರು. ಇದನ್ನು ಹೇಳಿದೆ. ಅಮ್ಮ ಏನೂ ಮಾತಾಡಲಿಲ್ಲ. ಕಿಟಕಿಯ ಸರಳು ಹಿಡಿದಿದ್ದ ಕೈಯನ್ನು ಮಾತ್ರ ತೆಗೆದು ಮಡಿಲಲ್ಲಿಟ್ಟುಕೊಂಡರು.

ಗಾಲೆ ಅಂದರೆ ನನಗೆ ಮೊದಲಿನಿಂದಲೂ ಕ್ರಿಕೆಟ್. 2010ರಲ್ಲಿ ಮುರಳೀಧರನ್ ತಮ್ಮ 800ನೇ ವಿಕೆಟ್ ತೆಗೆದದ್ದು ಇಲ್ಲಿ, ನಮ್ಮವರ ಎದುರೇ. ಟಿವಿಯಲ್ಲಿ ಮೈದಾನದ ಹಿಂದೆ ಒಂದು ಕಪ್ಪು ಗೋಡೆ ಕಾಣುತ್ತಿತ್ತು. ಅದರ ಮೇಲೆ ಜನ ಕೂತು ಬಿಟ್ಟಿಯಾಗಿ ಪಂದ್ಯ ನೋಡುತ್ತಿದ್ದರು. ಆ ಗೋಡೆಯ ಒಳಗೆ ಒಂದು ಇಡೀ ಊರಿದೆ ಅಂತ ಆಗ ಗೊತ್ತಿರಲಿಲ್ಲ.

ನಿಲ್ದಾಣದಿಂದ ನಡೆದೇ ಹೋದೆವು. ಬಸ್ ನಿಲ್ದಾಣ, ಮೈದಾನ, ಆಮೇಲೆ ಕೋಟೆ. ಊರಿನ ಕಡೆಗೆ ಮೂರು ಕೊತ್ತಲಗಳು: ಸೂರ್ಯ, ಚಂದ್ರ, ನಕ್ಷತ್ರ. ಇಲ್ಲಿ ಮೊದಲು ಕೋಟೆ ಕಟ್ಟಿದ್ದು ಪೋರ್ಚುಗೀಸರು, 1588ರಲ್ಲಿ. 1640ರಲ್ಲಿ ಡಚ್ಚರು ಅದನ್ನು ಕಿತ್ತುಕೊಂಡು, 1663ರಿಂದ ಮುಂದಕ್ಕೆ ಕಲ್ಲಿನಲ್ಲಿ ಗಟ್ಟಿಯಾಗಿ ಕಟ್ಟಿದರು. 1796ರಲ್ಲಿ ಬ್ರಿಟಿಷರು ಬಂದರು. ಯಾರು ಬಂದರೂ ಕಣ್ಣು ಇದ್ದದ್ದು ಈ ಬಂದರಿನ ಮೇಲೆ, ದಾಲ್ಚಿನ್ನಿಯ ಮೇಲೆ.

ಗೋಡೆಯ ಮೇಲೆ ಸುತ್ತಾಡಿ, ದೀಪಸ್ತಂಭ ನೋಡಿ, ಅದರ ಎದುರಿನ ಮೀರಾನ್ ಮಸೀದಿ ನೋಡಿದೆವು. 1904ರಲ್ಲಿ ಕಟ್ಟಿದ ಮಸೀದಿ. ದೂರದಿಂದ ಥೇಟ್ ಚರ್ಚಿನಂತೆ ಕಾಣುತ್ತದೆ. ನಿಜವಾದ ಡಚ್ ಚರ್ಚು, ಗ್ರೂಟೆ ಕೆರ್ಕ್, ಇರುವುದು ಇನ್ನೊಂದು ತುದಿಯಲ್ಲಿ. ಅದು 1755ರದ್ದು. ಒಳಗೆ ನೆಲಕ್ಕೆ ಹಾಸಿರುವುದು ಸಮಾಧಿ ಕಲ್ಲುಗಳು. ಡಚ್ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳ ಹೆಸರು, ತಾರೀಖು, ಕೆಲವದರ ಮೇಲೆ ಕೆತ್ತಿದ ತಲೆಬುರುಡೆ. ತುಳಿದು ನಡೆಯಲು ಅಮ್ಮನಿಗೆ ಮನಸ್ಸು ಬರಲಿಲ್ಲ, ಗೋಡೆಯಂಚಿಗೇ ನಿಂತರು. "ಇವರದೆಲ್ಲ ಹೆಸರಿದೆ. ಹೊರಗಿನ ಆ ಗೋಡೆಗೆ ಕಲ್ಲು ಹೊತ್ತವರ ಹೆಸರು ಎಲ್ಲಿ ಬರೆದಿದ್ದಾರೆ?" ಅಂತ ಕೇಳಿದರು. ಎಲ್ಲೂ ಇರಲಿಲ್ಲ. ಕಟ್ಟಿಸಿದವರನ್ನು ಮೆಚ್ಚುವಾಗೆಲ್ಲ ಈ ಪ್ರಶ್ನೆ ನನಗೆ ಅಡ್ಡ ಬರುತ್ತದೆ. ಬರಲಿ, ಬರಬೇಕು.

ಹೊರಗೆ ಬರುವಷ್ಟರಲ್ಲಿ ಮಳೆ. ಅಂಥಿಂಥ ಮಳೆಯಲ್ಲ, ಸುರಿಯಿತು. ಓಡಿ ಒಂದು ಮನೆಯ ಜಗಲಿ ಹತ್ತಿದೆವು. ಗಾಲೆಯ ಹಳೆ ಮನೆಗಳೆಲ್ಲ ಹೀಗೇ. ಬೀದಿಗೆ ತೆರೆದ ಉದ್ದನೆ ಜಗಲಿ, ಮರದ ಕಂಬ, ಮೇಲೆ ಹೆಂಚು. ಒಳಗಿನಿಂದ ಬಿಳಿ ಟೋಪಿ ಹಾಕಿದ ಹಿರಿಯರೊಬ್ಬರು ಬಂದರು. ನನ್ನ ಬೆಂಗಳೂರಿನ ತಮಿಳಿನಲ್ಲಿ ಕ್ಷಮೆ ಕೇಳಿದೆ. ಅವರು ಎರಡು ಕುರ್ಚಿ ಎಳೆದು ಹಾಕಿದರು. ಒಳಗಿನಿಂದ ಟೀ ಬಂತು.

"ನೋಡು ಮಗಳೇ, ಬೀದಿಯಲ್ಲಿ ನೀರು ನಿಂತಿದೆಯಾ?" ಅಂದರು. ಬೀದಿಯ ಮೇಲೆ ಹರಿಯುತ್ತಿತ್ತು, ಆದರೆ ನಿಂತಿರಲಿಲ್ಲ. ಅವರಿಗೆ ಅದು ತಾವೇ ಮಾಡಿದ ಕೆಲಸದಷ್ಟು ಹೆಮ್ಮೆ. ಡಚ್ಚರು ಬೀದಿಗಳ ಅಡಿಯಲ್ಲಿ ಚರಂಡಿಗಳ ಜಾಲವನ್ನೇ ಮಾಡಿದ್ದರು. ಉಬ್ಬರದಲ್ಲಿ ಸಮುದ್ರದ ನೀರು ಅದರೊಳಗೆ ನುಗ್ಗುತ್ತದೆ, ಇಳಿಯುವಾಗ ಕೊಳೆಯನ್ನೆಲ್ಲ ಎಳೆದುಕೊಂಡು ಹೋಗುತ್ತದೆ. ಪಂಪೂ ಇಲ್ಲ, ಕರೆಂಟೂ ಇಲ್ಲ, ಸಮುದ್ರಕ್ಕೇ ಕೆಲಸ ಹಚ್ಚಿದ್ದರು. ಇದನ್ನು ಕೇಳಿ ನನಗಾದ ಖುಷಿ ಚರ್ಚು, ದೀಪಸ್ತಂಭ ನೋಡಿದಾಗ ಆದದ್ದಕ್ಕಿಂತ ಜಾಸ್ತಿ.

ಅಮ್ಮ ಸುನಾಮಿಯ ಬಗ್ಗೆ ಕೇಳಿಸಿದರು. ನಾನೇ ಮಧ್ಯೆ ಭಾಷಾಂತರ. ಅಂದು ಭಾನುವಾರ, ಹುಣ್ಣಿಮೆಯ ರಜೆ. ಕೂಗು ಕೇಳಿ ಅವರು ಕೋಟೆಗೋಡೆ ಹತ್ತಿದರಂತೆ. ಆಚೆ ಬಸ್ಸುಗಳು ತೇಲುತ್ತಿದ್ದವು. ನಾವು ಬೆಳಿಗ್ಗೆ ದಾಟಿ ಬಂದ ಅದೇ ಬಸ್ ನಿಲ್ದಾಣ. ಮೈದಾನ ಕೆರೆಯಾಗಿತ್ತು. "ಜನ ಕಂಬ ಹಿಡಿದುಕೊಂಡಿದ್ದರು. ಆಮೇಲೆ ಕಂಬವೂ ಕಾಣಲಿಲ್ಲ" ಅಂದರು. ಗೋಡೆಯ ಒಳಗೆ ಅವರ ಮನೆಯ ಹೊಸ್ತಿಲು ಒದ್ದೆಯಾಗಿರಲಿಲ್ಲ. ಆ ರಾತ್ರಿ ಈ ಜಗಲಿಯಲ್ಲಿ, ಒಳಗಿನ ಹಜಾರದಲ್ಲಿ, ಗುರುತಿಲ್ಲದ ಹನ್ನೊಂದು ಜನ ಮಲಗಿದ್ದರು.

ಫಿರಂಗಿಗಾಗಿ ಕಟ್ಟಿದ ಗೋಡೆ ಮುನ್ನೂರು ಚಿಲ್ಲರೆ ವರ್ಷದ ನಂತರ ಸಮುದ್ರವನ್ನು ತಡೆದು ನಿಲ್ಲಿಸಿತ್ತು.

ಗಾಲೆ ಉಳಿದದ್ದಕ್ಕೆ ಇನ್ನೊಂದು ಕಾರಣವೂ ಇದೆ. 19ನೇ ಶತಮಾನದ ಕೊನೆಯ ಹೊತ್ತಿಗೆ ಕೊಲಂಬೊದಲ್ಲಿ ದೊಡ್ಡ ಬಂದರು ಎದ್ದಿತು. ಹಡಗುಗಳು ಅತ್ತ ಹೋದವು. ಗಾಲೆ ಬಡವಾಯಿತು. ಹಳೆಯದನ್ನು ಕೆಡವಿ ಹೊಸದು ಕಟ್ಟಲು ಯಾರ ಹತ್ತಿರವೂ ದುಡ್ಡಿರಲಿಲ್ಲ. ಹಾಗಾಗಿ ಬೀದಿ, ಜಗಲಿ, ಹೆಂಚು ಇದ್ದಂತೇ ಇದ್ದವು. 1988ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಆಮೇಲೆ ದುಡ್ಡು ಬಂತು. ಹಿರಿಯರು ಬೀದಿಯುದ್ದಕ್ಕೂ ಬೆರಳು ತೋರಿಸಿ ಎಣಿಸಿದರು. ಅದು ಹೋಟೆಲು. ಅದು ಹೊರದೇಶದವರು ಕೊಂಡದ್ದು, ವರ್ಷದಲ್ಲಿ ಒಂದು ತಿಂಗಳು ದೀಪ ಹತ್ತುತ್ತದೆ. ಅದು ಒಡವೆ ಅಂಗಡಿ. ಅದು ಅವರ ಅಕ್ಕನ ಮನೆಯಾಗಿತ್ತು, ಈಗ ಕೆಫೆ. ಈ ಸಾಲಿನಲ್ಲಿ ಸಂಸಾರ ಉಳಿದಿರುವುದು ಮೂರೇ ಮನೆಯಲ್ಲಿ. ಹೆಂಚು ಬದಲಿಸಲೂ ಅನುಮತಿ ಬೇಕು, ಹಳೇ ಮನೆಯ ರಿಪೇರಿ ದುಬಾರಿ. ಮಕ್ಕಳು ಮಾರೋಣ ಅನ್ನುತ್ತಾರೆ. ಅವರನ್ನು ಬೈಯುವುದು ಸುಲಭ. ನನಗೆ ಬೈಯಲಾಗಲಿಲ್ಲ. ನಿಯಮ ಬೇಕೇ ಬೇಕು. ಆದರೆ ಮನೆಯನ್ನು ಹಳೆಯ ರೂಪದಲ್ಲೇ ಇಟ್ಟುಕೊ ಅಂತ ಹೇಳುವವರು ಆ ಖರ್ಚಿಗೂ ಹೆಗಲು ಕೊಡಬೇಕು ಅಲ್ವಾ? ಕೋಟೆಯೊಳಗೆ ಕೋರ್ಟಿದೆ, ಶಾಲೆಯಿದೆ, ಐದು ಹೊತ್ತು ಬಾಂಗ್ ಕೇಳುತ್ತದೆ. ಆ ದಿನ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ. ಸಂಸಾರಗಳು ಖಾಲಿಯಾದರೆ ಗೋಡೆ ನಿಂತೇ ಇರುತ್ತದೆ, ಮಳೆಗೆ ಓಡಿ ಬಂದವರಿಗೆ ಕುರ್ಚಿ ಹಾಕುವವರು ಇರುವುದಿಲ್ಲ.

ಮಳೆ ನಿಂತಿತು. ಹೊರಡುವಾಗ ಅಮ್ಮ ಜಗಲಿಯ ಕಂಬವನ್ನು ಒಮ್ಮೆ ಮುಟ್ಟಿದರು. ಹಿರಿಯರು ಕೋಟೆಯ ಹಳೆ ಬಾಗಿಲಿನಿಂದ ಹೋಗಿ ಅಂದರು, ಹಾಗೇ ಹೋದೆವು. ಒಳಗಿನ ಮುಖದ ಮೇಲೆ ಡಚ್ ಕಂಪನಿಯ ಗುರುತು, ಎರಡು ಸಿಂಹ, ಮೇಲೊಂದು ಹುಂಜ, 1669ನೇ ಇಸವಿ. ದಾಟಿ ಹಿಂತಿರುಗಿ ನೋಡಿದರೆ ಹೊರಮುಖದಲ್ಲಿ ಬ್ರಿಟಿಷರ ಲಾಂಛನ. ಅಮ್ಮ ಅದನ್ನು ನೋಡಲೇ ಇಲ್ಲ. ಗೋಡೆಗೆ ಮುಖ ಹತ್ತಿರ ಹಿಡಿದು, ಒದ್ದೆ ಕಲ್ಲಿನ ಮೇಲೆ ಬೆರಳಾಡಿಸುತ್ತಿದ್ದರು. ಸಣ್ಣ ಸಣ್ಣ ತೂತು, ಜೇನುಗೂಡಿನಂಥ ಗೆರೆಗಳು.

"ಇದೇನು ಕಲ್ಲು?"

"ಹವಳದ ಕಲ್ಲು ಅಮ್ಮ. ಸಮುದ್ರದ್ದೇ."

ಅಮ್ಮ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತರು. ಕೊಲಂಬೊ ರೈಲಿಗೆ ಇನ್ನು ಇಪ್ಪತ್ತೇ ನಿಮಿಷವಿತ್ತು. ನಾನು ಅವಸರ ಮಾಡಲಿಲ್ಲ.