ಶೆಡ್ ಲೆಕ್ಕಕ್ಕೂ ಮೊದಲು ಎಮ್ಮೆಗಳ ಲೆಕ್ಕ

ನೆರೆಯಲ್ಲಿ ಮನೆ ಕಳೆದುಕೊಂಡವರಿಗೆ ತಾತ್ಕಾಲಿಕ ಶೆಡ್‌ಗಳ ನಕ್ಷೆ ಹಾಕುವುದು ನನ್ನ ಕೆಲಸ. ಹೋದಲ್ಲೆಲ್ಲ ನನ್ನನ್ನು ಮೊದಲು ಕೇಳುವುದು, ಒಂದು ಕುಟುಂಬಕ್ಕೆ ಎಷ್ಟು ಜಾಗ ಸಾಕು ಅಂತ. ಪರಿಹಾರ ಕೆಲಸದವರು ಬಳಸುವ ಸ್ಫಿಯರ್ ಕೈಪಿಡಿ ಪ್ರಕಾರ ಸೂರಿನಡಿ ಒಬ್ಬರಿಗೆ ಕನಿಷ್ಠ 3.5 ಚದರ ಮೀಟರ್. ಐದು ಜನರಿಗೆ 17.5. ಬಹಳ ಕಡೆ ಲೆಕ್ಕ ಇಲ್ಲಿಗೇ ಮುಗಿಯುತ್ತದೆ.

2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿದವು. ಬೆಳಗಾವಿ, ಬಾಗಲಕೋಟೆ ಕಡೆ ಶಾಲೆಗಳೇ ಕಾಳಜಿ ಕೇಂದ್ರಗಳಾದವು. ಶಾಲೆ ಮತ್ತೆ ನಡೆಯಬೇಕಲ್ವಾ, ಹಾಗಾಗಿ ಶೆಡ್ ಬೇಗ ಏಳಬೇಕಿತ್ತು. ಒಂದೂರಿನಲ್ಲಿ ಎತ್ತರದ ಜಾಗ ಸಿಕ್ಕಿತು. ತಗಡು ಬಂತು, ಸಾಲು ಎದ್ದಿತು. ಒಬ್ಬ ಅಜ್ಜಿ ಒಳಗೆ ಹೋಗಿ ನೋಡಿ ಬಂದು ಕೇಳಿದರು: "ಶೆಡ್ ಛಲೋ ಐತ್ರಿ. ಎಮ್ಮಿ ಎಲ್ಲಿ ಕಟ್ಟೂಣು?"

ಸಾಲುಗಳ ನಡುವೆ ಒಂದು ಗೂಟ ಹೊಡೆಯುವಷ್ಟೂ ಜಾಗ ಇರಲಿಲ್ಲ. ಅಜ್ಜಿ ಬಿರುಕು ಬಿಟ್ಟ ಮನೆಗೇ ವಾಪಸ್ ಹೋದರು. ಇನ್ನೂ ಕೆಲವರು ಹೋದರು. "ಎಷ್ಟು ಹೇಳಿದರೂ ಜನ ಕೇಳಲ್ಲ" ಅನ್ನುವ ಮಾತು ಆಗ ಸುಲಭವಾಗಿ ಬರುತ್ತದೆ. ನನಗೆ ಅದು ತೀರಾ ಅನ್ಯಾಯದ ಮಾತು ಅನಿಸುತ್ತದೆ. ಹೊಲದಲ್ಲಿ ಕಬ್ಬು ಕೊಳೆತು ನಿಂತಿರುವಾಗ ಮನೆಗೆ ದುಡ್ಡು ತರುವುದು ಆ ಹಾಲೊಂದೇ. ಅದನ್ನು ಬಿಟ್ಟು ಯಾರು ಬರುತ್ತಾರೆ?

ಅದೇ ಕೈಪಿಡಿಯಲ್ಲಿ ಇನ್ನೊಂದು ಅಂಕಿ ಇದೆ: ದಾರಿ, ಶೌಚಾಲಯ, ಅಡುಗೆ ಜಾಗ ಎಲ್ಲ ಸೇರಿ ಶಿಬಿರದಲ್ಲಿ ಒಬ್ಬರಿಗೆ 45 ಚದರ ಮೀಟರ್. ಐದು ಜನರ ಮನೆಗೆ ಎರಡು ಗುಂಟೆಗಿಂತ ಸ್ವಲ್ಪ ಜಾಸ್ತಿ. ದನಗಳಿದ್ದರೆ ಅದೂ ಸಾಲದು. ಜಾಗ ಹುಡುಕುವಾಗ ಈ ಅಂಕಿ ಇಟ್ಟುಕೊಂಡೇ ಹೋಗಬೇಕು. ಶೆಡ್ ಎದ್ದ ಮೇಲೆ ಗುಂಟೆ ಹಿಗ್ಗುವುದಿಲ್ಲ.

ಈಗ ನಾನು ಮನೆಮನೆ ಪಟ್ಟಿ ಮಾಡುವಾಗ ತಲೆ ಎಣಿಸುವ ಜೊತೆಗೇ ದನ, ಕುರಿ, ಮೇವಿನ ಬಣವೆ ಕೇಳುತ್ತೇನೆ. ಹೊಲ ಎಷ್ಟು ದೂರ ಅಂತಲೂ ಕೇಳುತ್ತೇನೆ. ಕೊಟ್ಟಿಗೆ ಶೆಡ್‌ನಿಂದ ಕಾಣುವಂತಿರಬೇಕು, ಇಲ್ಲದಿದ್ದರೆ ರಾತ್ರಿ ಯಾರಿಗೂ ನಿದ್ದೆ ಬರಲ್ಲ. ಕುಡಿಯುವ ನೀರಿನ ಟ್ಯಾಂಕ್ ಇಳಿಜಾರಿನ ಮೇಲ್ಭಾಗದಲ್ಲಿರಬೇಕು, ತಿಪ್ಪೆ ಕೆಳಭಾಗದಲ್ಲಿ. ಎರೆ ಭೂಮಿಯಾದರೆ ಮೊದಲು ಗರಸು (ಕಲ್ಲುಮಿಶ್ರಿತ ಗಟ್ಟಿ ಮಣ್ಣು) ಹಾಕಿಸಬೇಕು, ಇಲ್ಲಾಂದ್ರೆ ಒಂದೇ ಮಳೆಗೆ ಓಡಾಟ ನಿಲ್ಲುತ್ತದೆ. ಒಂದೇ ಓಣಿಯವರಿಗೆ ಒಂದೇ ಸಾಲು ಕೊಡುತ್ತೇವೆ. ಹಾಗಿದ್ದರೆ ಹೊಲಕ್ಕೆ ಹೋದವರ ಎಮ್ಮೆಗೆ ಪಕ್ಕದ ಮನೆಯವರು ನೀರು ಕುಡಿಸುತ್ತಾರೆ.

ಇನ್ನು ತಗಡು. ಮಳೆಗಾಲದಲ್ಲಿ ಕಟ್ಟಿದ ಶೆಡ್‌ನಲ್ಲಿ ಜನ ಏಪ್ರಿಲ್‌ನಲ್ಲೂ ಇರುತ್ತಾರೆ. ಆಗ ತಗಡು ಕಾಯುತ್ತದೆ, ಹಾಗಾಗಿ ಬಿಸಿ ಪ್ರದೇಶದಲ್ಲಿ ನೆಲದಿಂದ ಸೂರಿಗೆ ಕನಿಷ್ಠ 2.6 ಮೀಟರ್ ಎತ್ತರ ಬೇಕು. ದುಡ್ಡು ಉಳಿಸಲು ಇದನ್ನು ತಗ್ಗಿಸೋಣ ಅಂದರೆ ನಾನು ಒಪ್ಪುವುದಿಲ್ಲ.