ಸಾಸಿವಿ ಕಾಳಿನ್ಯಾಗ ದ್ವೀಪಗಳ ಲೆಕ್ಕ: ಜಾವಾ ಮುಗೀತು

ಇಂಡೋನೇಷ್ಯಾದ ಜಾವಾ ದ್ವೀಪ ಮುಗೀತ್ರಿ. ಹೊಸದಾಗಿ ಓದೋರಿಗೆ ಹೇಳ್ತೀನಿ, ಉಷ್ಣವಲಯದ ದ್ವೀಪಗಳ್ನ ಒಂದ ಸ್ಕೇಲಿನ್ಯಾಗ ಸನ್‌ಬೋರ್ಡ್ (ಹಗುರ ಫೋಮ್ ಹಲಗಿ) ಮ್ಯಾಲ ಕತ್ತರಿಸಿ, ಒಂದ್ ಲಕ್ಷ ಮಂದಿಗೆ ಒಂದ್ ಸಾಸಿವಿ ಕಾಳು ಹಿಡದು ಫೆವಿಕಾಲ್ ಹಚ್ಚಿ ಅಂಟಸಾಕತ್ತೀನಿ. ಒಂದ್ ಸೆಂಟಿಮೀಟರ್ ಅಂದ್ರ 50 ಕಿಲೋಮೀಟರ್, ಒಂದ್ ಚದರ ಸೆಂಟಿಮೀಟರ್ ಅಂದ್ರ 2,500 ಚದರ ಕಿ.ಮೀ. ಅಳತಿಗೆ ನಮ್ಮ ಹಳೇ ಧಾರವಾಡ ಜಿಲ್ಲಾ ಇಟಗೊಂಡೀನಿ, 1997ರಾಗ ಗದಗ, ಹಾವೇರಿ ಬ್ಯಾರೆ ಆಗೂಕಿಂತ ಮದಲಿಂದು. ಮೂರೂ ಕೂಡಿ ಸುಮಾರು 13,700 ಚದರ ಕಿ.ಮೀ, 2011ರ ಜನಗಣತಿಯೊಳಗ 45 ಲಕ್ಷ ಮಂದಿ. ಬೋರ್ಡ್ ಮ್ಯಾಲ ಐದೂವರಿ ಚದರ ಸೆಂಟಿಮೀಟರ್, 45 ಕಾಳು. ನಮ್ಮ ಊರ ಇಷ್ಟ ಅಂತ ಕಣ್ಣಿಗೆ ಕೂತ್ರ ಉಳಿದದ್ದು ತಾನ ತಿಳೀತೈತಿ.

ಗ್ವಾಡಿಗೆ ಹಾಕೋ ನಕ್ಷೆ ನೋಡಿ ಕತ್ತರಿಸಿದ್ರ ನಡ್ಯಾಂಗಿಲ್ಲ. ಮರ್ಕೇಟರ್ ಅನ್ನೋ ಆ ಥರದ ನಕ್ಷೆ ಸಮಭಾಜಕ ವೃತ್ತದಿಂದ ದೂರ ಹೋದಂಗ ನೆಲಾನ ಹಿಗ್ಗಸ್ತೈತಿ, ಅದಕ್ಕ ಉತ್ತರದ ದೇಶ ಎಲ್ಲಾ ಉಬ್ಬಿ ಕಾಣ್ತಾವ, ಉಷ್ಣವಲಯದ್ದು ಸಣ್ಣದಾಗಿ ಉಳೀತಾವ. ಬ್ರಿಟನ್ ದ್ವೀಪ ಸುಮಾರು 2.09 ಲಕ್ಷ ಚದರ ಕಿ.ಮೀ, ಮಡಗಾಸ್ಕರ್ 5.87 ಲಕ್ಷ, ಆದ್ರ ಆ ನಕ್ಷೆ ನೋಡಿ ಯಾರೂ ಇಷ್ಟು ಫರಕ್ ಐತಿ ಅನ್ನಾಂಗಿಲ್ಲ. ಹಂಗಾಗಿ ಕ್ಯೂಜಿಐಎಸ್ ಅನ್ನೋ ನಕ್ಷೆ ಮಾಡೋ ಸಾಫ್ಟ್‌ವೇರ್‌ನ್ಯಾಗ ಕ್ಷೇತ್ರಫಲ ಕೆಡದಂಥ ಪ್ರೊಜೆಕ್ಷನ್ (ದುಂಡನ್ನ ಭೂಮೀನ ಸಪಾಟ ಹಾಳಿ ಮ್ಯಾಲ ತರೋ ವಿಧಾನ) ಹಾಕಿ ಪ್ರಿಂಟ್ ತಗೀತೀನಿ.

ಈಗ ಖರೇ ವಿಷಯ. ನ್ಯೂಗಿನಿ 7.86 ಲಕ್ಷ ಚದರ ಕಿ.ಮೀ, ಉಷ್ಣವಲಯದೊಳಗ ಅದಕ್ಕಿಂತ ದೊಡ್ಡ ದ್ವೀಪ ಇಲ್ಲ. ಬೋರ್ಡ್ ಮ್ಯಾಲ 300 ಚದರ ಸೆಂಟಿಮೀಟರ್ ದಾಟ್ತು, ಕಾಳು ಮಾತ್ರ ಸುಮಾರು 150, ಎಲ್ಲಾ ಕಡೆ ಬಿಳಿ ಬೋರ್ಡ ಕಾಣ್ತೈತಿ. ಬೋರ್ನಿಯೊನೂ ಹೆಚ್ಚು ಕಡಿಮಿ ಅಷ್ಟ ದೊಡ್ಡದು, 230 ಕಾಳು. ಜಾವಾ ನೋಡ್ರಿ, ಬಾಜೂಕಿನ ಮದುರಾ ಹಿಡದು 1.29 ಲಕ್ಷ ಚದರ ಕಿ.ಮೀ, ಅಂದ್ರ ಕರ್ನಾಟಕಕ್ಕಿಂತ ಸಣ್ಣದು, ಆದ್ರ 2020ರ ಜನಗಣತಿಯೊಳಗ 15 ಕೋಟಿ ದಾಟೇತಿ. 1,500ಕ್ಕಿಂತ ಜಾಸ್ತಿ ಕಾಳು 52 ಚದರ ಸೆಂಟಿಮೀಟರ್‌ನ್ಯಾಗ! ಚಿಮಟಾ ಹಿಡದು ಒಂದೊಂದ ಕೂಡಸ್ತಾ ಹೋದ್ರ ಎಲ್ಲೂ ಬೋರ್ಡ್ ಕಾಣಲಾರದಂಗ ತುಂಬಿ ಹೋತು.

ಹಿಂಗ್ಯಾಕ ಅಂದ್ರ ಮಣ್ಣು. ಜಾವಾದ ನಡುವ ಉದ್ದಕ್ಕೂ ಜ್ವಾಲಾಮುಖಿ ಸಾಲು ಐತಿ, ಆ ಬೂದಿ ಕರಗಿ ಆದ ಮಣ್ಣಿನ್ಯಾಗ, ನೀರು ಹಾಯಿಸಿ, ವರ್ಷಕ್ಕ ಎರಡು ಮೂರು ಸಲ ಭತ್ತ ಬೆಳೀತಾರ. ಬೋರ್ನಿಯೊದಾಗ ಆ ಬೂದಿ ಇಲ್ಲ, ಮಳಿ ಮಣ್ಣಿನ ಸಾರಾನೆಲ್ಲ ತೊಳಕೊಂಡು ಹೋಗ್ತೈತಿ, ಕರಾವಳಿ ಕಡೆ ಜೌಗು ಬ್ಯಾರೆ. ಡಚ್ಚರು 1905ರಿಂದ ಜಾವಾದ ಮಂದೀನ ಸುಮಾತ್ರಾಕ್ಕ ಕಳಸಾಕ ಸುರು ಮಾಡಿದ್ರು, ಸ್ವಾತಂತ್ರ್ಯ ಬಂದ ಮ್ಯಾಲ ಇಂಡೋನೇಷ್ಯಾ ಸರಕಾರನೂ ಮುಂದುವರಿಸ್ತು, ಆದ್ರೂ ಜಾವಾ ಖಾಲಿ ಆಗ್ಲಿಲ್ಲ. ಜ್ವಾಲಾಮುಖಿ ಇದ್ದಲ್ಲೆಲ್ಲ ಹಿಂಗ ಅಂತನೂ ಅನ್ನಾಕ ಬರಾಂಗಿಲ್ಲ ಮತ್ತ. ಹವಾಯಿಯ ದೊಡ್ಡ ದ್ವೀಪ 10,430 ಚದರ ಕಿ.ಮೀ, ಭಾಳಷ್ಟು ನೆಲ ಇನ್ನೂ ಹೊಸಾ ಲಾವಾ ಕಲ್ಲು, ಮಂದಿ ಎರಡ ಲಕ್ಷ. ನಾಕು ಚದರ ಸೆಂಟಿಮೀಟರ್‌ಗೆ ಎರಡ ಕಾಳು.

ನನಗ ಎಲ್ಲಾಕಿಂತ ಖುಷಿ ಕೊಟ್ಟಿದ್ದು ಶ್ರೀಲಂಕಾ. 65,610 ಚದರ ಕಿ.ಮೀ, 2 ಕೋಟಿ 17 ಲಕ್ಷ ಮಂದಿ, ಭಾಗಾಕಾರ ಮಾಡಿದ್ರ ಚದರ ಕಿ.ಮೀ.ಗೆ 330 ಹತ್ರ ಬರ್ತೈತಿ. ನಮ್ಮ ಹಳೇ ಜಿಲ್ಲಾದ್ದೂ 330 ಹತ್ರನ! ಎರಡೂ ತುಂಡು ಬಾಜೂಕ ಬಾಜೂಕ ಇಟ್ರ ಕಾಳಿನ ದಟ್ಟಣಿ ಒಂದ ಥರ ಕಾಣ್ತೈತಿ. ಟ್ರಿನಿಡಾಡ್ ದ್ವೀಪ ಅಂತೂ ಹಾವೇರಿ ಜಿಲ್ಲಾದಷ್ಟ, 4,800 ಚದರ ಕಿ.ಮೀ ಆಜೂಬಾಜು, ಅಲ್ಲಿ ಸುಮಾರು 13 ಲಕ್ಷ, ಹಾವೇರಿಯೊಳಗ 2011ರಾಗ 16 ಲಕ್ಷ.

ಸಿಂಗಾಪುರ ಇನ್ನೂ ಬಾಕಿ. ಸಮುದ್ರ ತುಂಬಿ ತುಂಬಿ ಈಗ 730 ಚದರ ಕಿ.ಮೀ ಆಗೇತಿ, ಬೋರ್ಡ್ ಮ್ಯಾಲ ಉಗುರಿನಷ್ಟೂ ಇಲ್ಲ, ಅದರ ಮ್ಯಾಲ 60 ಕಾಳು ಗುಂಪಿ ಹಾಕಬೇಕು, ಅಲ್ಲಿ ಮಂದಿ ಮ್ಯಾಲ ಮ್ಯಾಲ ಮನಿ ಕಟಗೊಂಡು ಇರೋದ್ರಿಂದ ಅದು ಸರೀನ ಐತಿ.

ಲಕ್ಷದ್ವೀಪ ಈ ಸ್ಕೇಲಿಗೆ ಕೂಡಾಂಗಿಲ್ಲ. ಎಲ್ಲಾ ದ್ವೀಪ ಕೂಡಿ 32 ಚದರ ಕಿ.ಮೀ, 2011ರಾಗ 64 ಸಾವಿರ ಮಂದಿ, ಒಂದ್ ಕಾಳು ಇಟ್ರ ದ್ವೀಪಗಳ ಮುಚ್ಚಿ ಹೊಕ್ಕಾವ. ಅದಕ್ಕ ಒಂದ್ ಸೆಂಟಿಮೀಟರ್‌ಗೆ ಒಂದ್ ಕಿಲೋಮೀಟರ್, ಸಾವಿರ ಮಂದಿಗೆ ಒಂದ್ ಕಾಳು ಅಂತ ಬ್ಯಾರೆ ಬೋರ್ಡ್ ಮಾಡ್ತೀನಿ. ಅಲ್ಲಿಯ ಮಿನಿಕಾಯ್ ದ್ವೀಪದ ಪ್ರಿಂಟ್ ತಗದಿಟ್ಟೀನಿ, ಕತ್ತರಸೂದು ಐತಿ.